ಹೊಸ ಇಂಜಿನಿಗೆ ಹಳೆಯ ಕೊಳವೆ

ಸಿಂಧನೂರಿನಿಂದ ಮಸ್ಕಿಯ ಮಾರ್ಗವಾಗಿ ಲಿಂಗಸುಗೂರಿಗೆ ಮೋಟಾರು ಸೈಕಲ್ಲಿನಲ್ಲಿ ಓಡಾಡುವ ತರುಣರಿಗೆ ಒಂದು ಮಾತು. ಹಳೆಯ ಮಾದರಿಯ ಸೈಲೆನ್ಸರು ಹೊಸ ವಾಹನಕ್ಕೆ ಬೋಲ್ಟಿನಲ್ಲಿ ಕೂಡಿದ ಮಾತ್ರಕ್ಕೆ ಹೊಂದಿತೆಂದು ತಿಳಿಯಲಾಗದು.

ಕಾರ್ಬುರೇಟರಿನ ಕಾಲದಲ್ಲಿ ಈ ಅದಲುಬದಲು ಅಷ್ಟೇನೂ ಕೇಡಿನದಾಗಿರಲಿಲ್ಲ. ಜೆಟ್ಟು ಬದಲಿಸಿ, ತಿರುಪು ತಿರುಗಿಸಿ ಮೇಸ್ತ್ರಿಯು ಇಂಜಿನನ್ನು ಹದಕ್ಕೆ ತರುತ್ತಿದ್ದನು. ೨೦೨೦ರ ಏಪ್ರಿಲ್ ೧ರಂದು ಭಾರತ್ ಸ್ಟೇಜ್ ೬ ನಿಯಮ ಜಾರಿಗೆ ಬಂದಮೇಲೆ ಬಹುಪಾಲು ಹೊಸ ವಾಹನಗಳಲ್ಲಿ ಆ ಕೆಲಸ ಇ.ಸಿ.ಯು. ಎಂಬ ಪುಟ್ಟ ಗಣಕದ್ದು. ಹೊಗೆಕೊಳವೆಯಲ್ಲಿ ಕೂಡಿಸಿದ ಸಂವೇದಕವು ಅಲ್ಲಿ ಉಳಿದ ಆಮ್ಲಜನಕವನ್ನು ಅಳೆದು ತಿಳಿಸುವುದು. ಗಣಕವು ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು ೧೪.೭ ಪಾಲು ಗಾಳಿ ಬೆರೆಯುವಂತೆ ತಿದ್ದುವುದು. ಸಂವೇದಕಕ್ಕೆ ಎಡೆಯೇ ಇಲ್ಲದ ಹಳೆಯ ಕೊಳವೆಯನ್ನು ಜೋಡಿಸಿದರೆ ಗಣಕವು ಕುರುಡಾಗುತ್ತದೆ. ಬೇರೆ ವರ್ಷದ ಇ.ಸಿ.ಯು.ವನ್ನು ತಂದರೂ ಹದ ಕೂಡುವ ಭರವಸೆಯಿಲ್ಲ. ಅದರೊಳಗಿನ ಲೆಕ್ಕವು ಆ ಮಾದರಿಯ ಇಂಜೆಕ್ಟರು, ಸಂವೇದಕಗಳಿಗೆ ಹೊಂದಿಸಿದ್ದು.

ಇನ್ನೊಂದು ನಷ್ಟ ಕಣ್ಣಿಗೆ ಕಾಣದು. ಮೂಲ ಕೊಳವೆಯೊಳಗೆ ಜೇನುಗೂಡಿನಂಥ ವೇಗವರ್ಧಕವಿದೆ. ಅದರ ಮೇಲಿನ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳ ನೆರವಿನಿಂದ ವಿಷಕಾರಿಯಾದ ಕಾರ್ಬನ್ ಮಾನಾಕ್ಸೈಡು ಕಾರ್ಬನ್ ಡೈಆಕ್ಸೈಡಾಗಿ ಮಾರ್ಪಡುವುದು. ಒಂದು ಟನ್ನು ಕಲ್ಲಿನಿಂದ ಕೆಲವೇ ಗ್ರಾಂ ಚಿನ್ನ ತೆಗೆಯುವ ಹಟ್ಟಿಯ ಗಣಿ ಲಿಂಗಸುಗೂರು ತಾಲ್ಲೂಕಿನಲ್ಲೇ ಇದೆ. ಅಂಥ ಸೀಮೆಯವರು ಬೆಲೆಬಾಳುವ ಲೋಹವನ್ನು ಗುಜರಿಗೆ ಹಾಕುವುದೆಂದರೇನು!

ಸದ್ದಿನ ಆಸೆ ನನಗೆ ತಿಳಿಯದ್ದಲ್ಲ. ಆದರೂ ಕೊಳವೆಯನ್ನು ಬದಲಿಸಲೇಬೇಕಾದಲ್ಲಿ, ಬಿಡಿಭಾಗದ ಸಂಖ್ಯೆಯನ್ನು ತಾಳೆ ನೋಡಿ ಅದೇ ಮಾದರಿಯದನ್ನೇ ಕೊಳ್ಳಿರಿ. ಇಂಜಿನಿನ ಸೂಚಕ ದೀಪ ಹೊತ್ತಿತೆಂದು ಅದರ ತಂತಿಯನ್ನು ಕತ್ತರಿಸಬೇಡಿರಿ.