ಗೋಳಗುಮ್ಮಟದಲ್ಲಿ ಒಂದು ಪಿಸುಮಾತು

ಪ್ರವಾಸಕ್ಕೆ ಹೋದವರು ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿ ಏರಿದೊಡನೆ ಮಾಡುವ ಕೆಲಸ ಒಂದೇ: ಎಲ್ಲರೂ ಒಮ್ಮೆಲೇ ಕೂಗುವುದು. (ಮಾಸ್ತರರೂ ಸೇರಿ!) ಕೆಳಗೆ 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್‌ಶಾಹನ ಸಮಾಧಿಯಿದೆ ಎಂಬುದೂ ಮರೆತುಹೋಗುತ್ತದೆ. ಹೀಗೆ ಕೂಗಿದರೆ ಕೇಳಿಸುವುದು ಬರೀ ಗದ್ದಲ.

ಕಳೆದ ಸಲ ತಿಕೋಟಾ, ಬಬಲೇಶ್ವರದ ಮಕ್ಕಳನ್ನು ಕರೆದೊಯ್ದಾಗ ಎಲ್ಲರನ್ನೂ ಸುಮ್ಮನಿರಿಸಿದೆ. ತರಗತಿಯಲ್ಲಿ ಬಾಯಿಯೇ ಬಿಡದ ಹುಡುಗಿಯೊಬ್ಬಳಿಗೆ, ಗೋಡೆಯತ್ತ ಮುಖ ಮಾಡಿ ನಿನ್ನ ಹೆಸರು ಪಿಸುಗುಟ್ಟು ಎಂದೆ. ಸುಮಾರು 38 ಮೀಟರ್ ಆಚೆ, ಎದುರು ಬದಿಯಲ್ಲಿ ನಿಂತವರಿಗೆ ಅದು ಸ್ಪಷ್ಟವಾಗಿ ಕೇಳಿಸಿತು! ದನಿ ಎಲ್ಲೆಡೆ ಚದುರಿಹೋಗದೆ ಬಾಗಿದ ಗೋಡೆಯಗುಂಟ ಸಾಗುವುದೇ ಇದಕ್ಕೆ ಕಾರಣ. ಆಮೇಲೆ ಒಂದೇ ಒಂದು ಚಪ್ಪಾಳೆ. ಎದುರು ಗೋಡೆಗೆ ಹೋಗಿ ಬರಲು 76 ಮೀಟರ್. ದನಿಯ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಭಾಗಿಸಿ ನೋಡಿ, ಸೆಕೆಂಡಿನ ಕಾಲು ಭಾಗಕ್ಕೂ ಕಡಿಮೆ.

ಇಳಿಯುವಾಗ ಆ ಹುಡುಗಿ ಕೇಳಿದಳು: “ಸರ್, ಇನ್ನೊಂದ್ ಸಲ ಹೇಳ್ಲೇನ್ರಿ?”