ರಾವುತನ ಕತ್ತಿ: ಕಡಿಯಲಿಕ್ಕೋ, ಇರಿಯಲಿಕ್ಕೋ?

ಕುದುರೆಯ ಮೇಲೆ ಕುಳಿತು ಕಾದುವ ರಾವುತನಿಗೆ ಕಡಿಯುವ ಬಾಗುಗತ್ತಿ ಮೇಲೋ, ಇರಿಯುವ ನೇರ ಕತ್ತಿ ಮೇಲೋ ಎಂಬ ಪ್ರಶ್ನೆಯನ್ನು ಬ್ರಿಟಿಷ್ ಸೇನೆ ನೂರು ವರ್ಷಕ್ಕೂ ಹೆಚ್ಚು ಕಾಲ ಚರ್ಚಿಸಿತು. ಇಡೀ ದಳಕ್ಕೆ ಒಂದೇ ಅಳತೆಯಲ್ಲಿ ಮಾಡಿಸಿ ಹಂಚುವ ಕತ್ತಿಯನ್ನು ಅದು ಮಂಜೂರಾದ ವರ್ಷದಿಂದ ಗುರುತಿಸುವುದು ಸೇನೆಯ ವಾಡಿಕೆಯಾದ್ದರಿಂದ, ಈ ಚರ್ಚೆಯ ಆರಂಭವನ್ನು ಲಘು ಅಶ್ವದಳದ 1796ರ ಬಾಗು ಸೇಬರಿನಲ್ಲಿಯೂ ಕೊನೆಯನ್ನು ನೆಟ್ಟಗಿರುವ 1908ರ ಮಾದರಿಯಲ್ಲಿಯೂ ಗುರುತಿಸಬಹುದು. 1908ರಲ್ಲಿ ಸೇನೆ ಕಡಿತವನ್ನು ಕೈಬಿಟ್ಟು ಇರಿತವನ್ನೇ ಆರಿಸಿಕೊಂಡಿತು. ಆ ಆಯ್ಕೆ ಸರಿಯಾಗಿತ್ತೆ?

ಪರ

ಇರಿತದ ಪಕ್ಷದ ಮೊದಲ ವಾದ ಬಹಳ ಹಳೆಯದು. ಕಡಿತವು ಎಷ್ಟೇ ಬಿರುಸಾಗಿದ್ದರೂ ಎಲುಬು ಮತ್ತು ಉಡುಪು ಅದನ್ನು ತಡೆಯುತ್ತವೆ, ಮೊನೆಯಾದರೋ ಎರಡು ಅಂಗುಲ ಒಳಹೊಕ್ಕರೂ ಪ್ರಾಣ ತೆಗೆಯುತ್ತದೆ ಎಂದು ರೋಮನ್ ಲೇಖಕ ವೆಜಿಶಿಯಸ್ ಬರೆದಿದ್ದ. 1854ರ ಕ್ರಿಮಿಯಾ ಯುದ್ಧದಲ್ಲಿ ರಷ್ಯನ್ ಸೈನಿಕರ ದಪ್ಪ ನಿಲುವಂಗಿಗಳ ಮೇಲೆ ಬ್ರಿಟಿಷ್ ಕತ್ತಿಗಳ ಹೊಡೆತ ನಾಟಲಿಲ್ಲವೆಂಬ ದೂರು ಈ ಮಾತಿಗೆ ಹೊಸ ಬಲ ತಂದಿತು. ಅದಕ್ಕೂ ಮೊದಲೇ, 1815ರ ವಾಟರ್‌ಲೂ ಕದನದ ಮುನ್ನ, ಭಾರೀ ಅಶ್ವದಳದವರು ತಮ್ಮ ನೇರ ಕತ್ತಿಗಳ ಕೊಡಲಿಯಂಥ ಮೊಂಡು ತುದಿಯನ್ನು ಸಾಣೆ ಹಿಡಿದು ಮೊನೆಯಾಗಿಸಿಕೊಂಡಿದ್ದರು.

ಎರಡನೆಯ ವಾದ ದೂರಕ್ಕೆ ಸಂಬಂಧಿಸಿದ್ದು. ಕಡಿಯುವವನು ತೋಳನ್ನು ಮೇಲೆತ್ತಿ ತನ್ನ ಮೈಯನ್ನು ತೆರೆದಿಡಬೇಕಾಗುತ್ತದೆ, ಇರಿಯುವವನು ತೋಳು ಚಾಚಿ ಕುದುರೆಯ ವೇಗವನ್ನೇ ಹೊಡೆತವಾಗಿಸುತ್ತಾನೆ. 1908ರ ಕತ್ತಿಯ ರೂಪ ಹುಟ್ಟಿದ್ದು ಈ ಲೆಕ್ಕದಿಂದ. ಅದರ ಅಲಗು, ಎಂದರೆ ಹಿಡಿಯಿಂದಾಚೆಗಿನ ಉಕ್ಕಿನ ಭಾಗ, ಸುಮಾರು 89 ಸೆಂ.ಮೀ. ಉದ್ದ, ನೇರ ಮತ್ತು ಕಿರಿದು. ಕೈ ಚಾಚಿದಾಗ ತೋಳೂ ಅಲಗೂ ಒಂದೇ ಗೆರೆಗೆ ಬರುವಂತೆ ಪಿಸ್ತೂಲಿನ ಹಿಡಿಯ ಹಾಗೆ ಓರೆಯಾದ ಹಿಡಿ, ಹೆಬ್ಬೆರಳೂರಲು ಅದರಲ್ಲೊಂದು ತಗ್ಗು, ಇಡೀ ಮುಷ್ಟಿಯನ್ನು ಮುಚ್ಚುವ ಬಟ್ಟಲಿನಾಕಾರದ ಉಕ್ಕಿನ ಕೈಕಾಪು. ಏಳನೆಯ ಎಡ್ವರ್ಡ್ ದೊರೆಗೆ ಇದು ವಿಕಾರವಾಗಿ ಕಂಡಿತಂತೆ, ಆದರೆ ಆಯುಧವನ್ನು ಅಳೆಯುವುದು ಅಂದದಿಂದಲ್ಲ. ಐದು ವರ್ಷಗಳ ನಂತರ ಅಮೆರಿಕದ ಸೇನೆಯೂ ಜಾರ್ಜ್ ಪ್ಯಾಟನ್ ರೂಪಿಸಿದ 1913ರ ನೇರ ಕತ್ತಿಯನ್ನು ಇದೇ ತತ್ತ್ವದ ಮೇಲೆ ಒಪ್ಪಿಕೊಂಡಿತು.

ವಿರೋಧ

ಬಾಗುಗತ್ತಿಯ ಪಕ್ಷದವರು ಮೊದಲು ಕೇಳುವುದು, ನುಗ್ಗಿದ ನಂತರ ಏನು ಎಂದು. ಓಡುವ ಕುದುರೆಯ ಮೇಲಿಂದ ಒಬ್ಬನನ್ನು ಇರಿದ ಅಲಗು ದೇಹದಲ್ಲಿ ಸಿಕ್ಕಿಕೊಂಡರೆ ರಾವುತನ ಮಣಿಕಟ್ಟು ತಿರುಚುತ್ತದೆ, ಇಲ್ಲವೇ ಕತ್ತಿಯೇ ಕೈತಪ್ಪುತ್ತದೆ. ಸಾಲು ಒಡೆದು ಕುದುರೆಗಳು ಒಂದಕ್ಕೊಂದು ಒತ್ತಿ ನಿಂತಾಗ ಎದುರಾಳಿ ಎಡಕ್ಕೂ ಹಿಂದಕ್ಕೂ ಇರುತ್ತಾನೆ. ಅಂಥ ಕಡೆ ಸುಮಾರು 1.35 ಕೆ.ಜಿ. ತೂಗುವ ಉದ್ದನೆಯ ಇರಿಗತ್ತಿ ತಿರುಗಿಸಲು ಬಾರದ ಹೊರೆ. ನುಗ್ಗಿ ಇರಿಯುವುದಷ್ಟೇ ಗುರಿಯಾದರೆ ಆ ಕೆಲಸವನ್ನು ಈಟಿಗೇ ಬಿಡಬಹುದಿತ್ತು.

1796ರ ಸೇಬರನ್ನು ರೂಪಿಸಿದ ಜಾನ್ ಗ್ಯಾಸ್ಪರ್ಡ್ ಲ ಮಾರ್ಷಾಂಟ್, ಫ್ಲ್ಯಾಂಡರ್ಸ್ ದಂಡಯಾತ್ರೆಯಲ್ಲಿ ಬ್ರಿಟಿಷ್ ರಾವುತರು ತಮ್ಮ ಕುದುರೆಗಳನ್ನೇ ಗಾಯಗೊಳಿಸುವುದನ್ನು ಕಂಡವನು. ಬರ್ಮಿಂಗ್‌ಹ್ಯಾಮಿನ ಕತ್ತಿ ತಯಾರಕ ಹೆನ್ರಿ ಆಸ್ಬೋರ್ನ್ ಜೊತೆಗೂಡಿ ಅವನು ಮಾಡಿಸಿದ ಅಲಗು ಸುಮಾರು 83 ಸೆಂ.ಮೀ. ಉದ್ದವಿದ್ದು, ಇಡೀ ಕತ್ತಿ ಒಂದು ಕೆ.ಜಿ.ಯ ಆಸುಪಾಸು ತೂಗುತ್ತಿತ್ತು. ತುದಿಯತ್ತ ಅಗಲವಾಗುವ ಅಲಗು ಬೀಸಿದಾಗ ತೂಕವನ್ನು ಏಟು ಬೀಳುವ ಜಾಗಕ್ಕೆ ಒಯ್ಯುತ್ತದೆ. ಬಾಗಿದ ಅಂಚಾದರೋ ತಗುಲಿದ ಕೂಡಲೇ ಜಾರುತ್ತಾ ಸೀಳುತ್ತದೆ, ಈಳಿಗೆಮಣೆಯ ಅಲಗಿನ ಬಾಗು ತರಕಾರಿಗೆ ಮಾಡುವ ಕೆಲಸವೂ ಇದೇ. ಕತ್ತಿಗಿಂತ ಮುಖ್ಯವಾದದ್ದು ಅದೇ ವರ್ಷ ಹೊರಬಂದ ಅವನ ಕವಾಯತು ಕೈಪಿಡಿ. ಮೊಣಕೈ ಮಡಿಸಿ ಬೀಸಿದರೆ ಮುಂಗೈ ಎದುರಾಳಿಯ ಅಂಚಿಗೆ ಸಿಗುವುದರಿಂದ, ಆರು ಬಗೆಯ ಕಡಿತಗಳನ್ನೂ ಮಣಿಕಟ್ಟು ಮತ್ತು ಭುಜದ ಬಲದಿಂದಲೇ ಮಾಡಬೇಕೆಂದು ಅದು ಕಲಿಸಿತು. ಪ್ರಷ್ಯಾ 1811ರಲ್ಲಿ ಈ ಸೇಬರನ್ನೇ ಅನುಸರಿಸಿ ತನ್ನ ಕತ್ತಿಯನ್ನು ಮಾಡಿಕೊಂಡದ್ದು ಸಣ್ಣ ಮನ್ನಣೆಯಲ್ಲ.

ಹಾಗಾದರೆ ಕ್ರಿಮಿಯಾದ ದೂರು? ಅದಕ್ಕೆ ಉತ್ತರ ಅಲಗಿನ ಬಾಗಿನಲ್ಲಿಲ್ಲ, ಒರೆಯಲ್ಲಿದೆ. 15ನೆಯ ಹುಸ್ಸಾರ್ಸ್ ದಳದ ಅಧಿಕಾರಿಯಾಗಿ ಬೆಂಗಳೂರಿನ ದಂಡಿನಲ್ಲಿದ್ದ ಲೂಯಿಸ್ ನೋಲನ್, 1853ರಲ್ಲಿ ಪ್ರಕಟಿಸಿದ ಅಶ್ವದಳದ ಇತಿಹಾಸದಲ್ಲಿ ನಿಜಾಮನ ರಾವುತರ ಕತ್ತಿಗಳನ್ನು ವಿವರಿಸಿದ್ದಾನೆ. ಆ ಕತ್ತಿಗಳು ಎದುರಾಳಿಗಳಲ್ಲಿ ಮಾಡಿದ ಗಾಯಗಳು ಭೀಕರವಾಗಿದ್ದುದರಿಂದ ಅವನಿಗೆ ಕುತೂಹಲ ಹುಟ್ಟಿತ್ತು. ರಾವುತರು ಅಲಗನ್ನು ಬುಡದಿಂದ ತುದಿಯವರೆಗೆ ಕ್ಷೌರದ ಕತ್ತಿಯಷ್ಟು ಹರಿತವಾಗಿ ಮಸೆದು, ಮರದ ಒರೆಯಲ್ಲಿಟ್ಟು, ಕಾದಾಟದ ಹೊತ್ತಿಗೆ ಮಾತ್ರ ಹೊರತೆಗೆಯುತ್ತಿದ್ದರು. ಬ್ರಿಟಿಷ್ ಸೈನಿಕನಾದರೋ ದಿನನಿತ್ಯದ ಕವಾಯತಿನಲ್ಲಿ ತನ್ನ ಕತ್ತಿಯನ್ನು ಉಕ್ಕಿನ ಒರೆಗೆ ತುರುಕಿ, ಎಳೆದು, ಅಂಚನ್ನು ತಾನೇ ಮೊಂಡಾಗಿಸುತ್ತಿದ್ದ.

ಈ ಒಂದು ಸಾಕ್ಷ್ಯದ ಮುಂದೆ ಪರ ಪಕ್ಷದ ಮೊದಲ ವಾದ ಬಹುಮಟ್ಟಿಗೆ ಕುಸಿಯುತ್ತದೆ, ಏಕೆಂದರೆ ಸಾಣೆಯ ತಪ್ಪಿಗೆ ಅದು ಶಿಕ್ಷಿಸಿದ್ದು ಅಲಗಿನ ಬಾಗನ್ನು. 1853ರಿಂದ 1899ರವರೆಗೆ ಬಂದ ಬ್ರಿಟಿಷ್ ಮಾದರಿಗಳು ಕೊಂಚ ಬಾಗಿ, ಕೊಂಚ ನೆಟ್ಟಗಿದ್ದು, ಕಡಿತಕ್ಕೂ ಇರಿತಕ್ಕೂ ಅರೆಬರೆಯಾದವು, ಅವುಗಳಿಗೆ ಹೋಲಿಸಿದರೆ 1908ರ ಕತ್ತಿ ತಾನೇನೆಂದು ಬಲ್ಲ ಉತ್ತಮ ಆಯುಧವೆಂಬುದನ್ನು ಒಪ್ಪಲೇಬೇಕು. ಆದರೆ ಬಾಗುಗತ್ತಿಯನ್ನು ಅದು ಸೋಲಿಸಿತೆಂದು ಹೇಳಲಾಗದು, ಹರಿತವಾದ ಬಾಗುಗತ್ತಿಯೊಡನೆ ಅದನ್ನು ಹೋಲಿಸಿ ನೋಡಿಯೇ ಇರಲಿಲ್ಲ. ನೋಲನ್ ಬೆರಗುಪಟ್ಟ ನಿಜಾಮನ ರಾವುತರ ಅಲಗುಗಳಲ್ಲಿ ಹೆಚ್ಚಿನವು ಬ್ರಿಟಿಷ್ ಅಶ್ವದಳವೇ ಬಳಸಿ ತ್ಯಜಿಸಿದ್ದ ಹಳೆಯ ಅಲಗುಗಳಾಗಿದ್ದವು.