ಮುಖ ನೋಡಿ ಮಣೆ

ಕಾದಂಬರಿಯನ್ನು ಬರೆಯುವುದು ಹೆಚ್ಚು ಕಷ್ಟವೋ, ಬರೆದು ಮುಗಿಸಿದ ಕಾದಂಬರಿಗೆ ತಕ್ಕ ಮುಖಪುಟವನ್ನು ಹುಡುಕುವುದು ಹೆಚ್ಚು ಕಷ್ಟವೋ ಎಂದು ಎರಡು ತಿಂಗಳ ಹಿಂದೆ ಯಾರಾದರೂ ಕೇಳಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಈಗ ಅಷ್ಟು ಸುಲಭವಾಗಿ ನಗಲಾರೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, ಈಗ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿರುವವಳು, ತನ್ನ ಮೊದಲ ಕಾದಂಬರಿಯ ಹಸ್ತಪ್ರತಿಯೊಡನೆ ಮನೆಗೆ ಬಂದಳು. ಪ್ರೇಮದ ಕಥೆ. ನಾಯಕಿ ಮಲೆನಾಡಿನ ಅಂಚಿನ ಹಳ್ಳಿಗೆ ಹೋಗುವ ಸರ್ಕಾರಿ ಬಸ್ಸಿನ ಕಂಡಕ್ಟರು, ಮೈಬಣ್ಣ ಕಪ್ಪು. ಅವಳನ್ನು ನೋಡಲು ಎರಡು ಸಲ ಬಂದ ಗಂಡಿನ ಕಡೆಯವರು ಉಪ್ಪಿಟ್ಟು ಕಾಫಿ ಮುಗಿಸಿ, 'ತಿಳಿಸುತ್ತೇವೆ' ಎಂದು ಹೋದವರು ಏನನ್ನೂ ತಿಳಿಸಲಿಲ್ಲ. ಕೊನೆಯ ನಿಲ್ದಾಣದಲ್ಲಿ ದಿನವೂ ಇಳಿಯುವ ತರುಣನೊಬ್ಬನು ಮುಂದೆ ಅವಳನ್ನು ಮೆಚ್ಚಿದಾಗ, ಆ ಮೆಚ್ಚುಗೆಯನ್ನು ನಂಬುವುದು ಹೇಗೆ ಎಂಬುದೇ ಅವಳ ಸಂಕಟ. ಅದೇ ಕಥೆಯ ಗಂಟು. ಹುಡುಗಿ ಚೆನ್ನಾಗಿ ಬರೆದಿದ್ದಾಳೆ. ಆದರೆ ಅವಳು ಬಂದದ್ದು ನನ್ನ ಮೆಚ್ಚುಗೆಯನ್ನು ಕೇಳುವುದಕ್ಕಲ್ಲ. ಮೂರು ಮುಖಪುಟಗಳನ್ನು ಮುಂದಿಟ್ಟು, "ಯಾವುದು ಆಗಬಹುದು ಸರ್, ನೀವೇ ಹೇಳಿ" ಎಂದಳು.

ಮೊದಲನೆಯದು ಕೃತಕ ಬುದ್ಧಿಮತ್ತೆಗೆ ನಾಲ್ಕು ಮಾತು ಹೇಳಿ ಬರೆಸಿದ್ದು. ಮಳೆಯಲ್ಲಿ ಆಲಿಂಗಿಸಿ ನಿಂತ ತರುಣ ತರುಣಿಯರು. ತರುಣಿಯ ಮುಖ ಕೆನೆಹಾಲಿನಂತೆ. ಅಷ್ಟು ಮಳೆಯಲ್ಲಿಯೂ ನೆನೆಯದೆ ಹಾರಾಡುವ ಕೂದಲು. ಹಿನ್ನೆಲೆಯಲ್ಲಿ ಯಾವ ದೇಶದ್ದೆಂದು ಹೇಳಲಾಗದ ಒಂದು ಬೀದಿ. ಎರಡನೆಯದು ಗುಲಾಬಿ ಬಣ್ಣದ ಹಿನ್ನೆಲೆಯಲ್ಲಿ ಬಸ್ಸಿನ ಕಿಟಕಿಯಿಂದ ನಗುವ ಎರಡು ಗೊಂಬೆಗಳು. ಇವೆರಡೂ ಪ್ರಕಾಶಕರು ಕಳುಹಿಸಿದ್ದು. ಮೂರನೆಯದು ಅವಳ ಶಾಲೆಯ ಚಿತ್ರಕಲೆಯ ಮೇಷ್ಟರು ಹಸ್ತಪ್ರತಿಯನ್ನು ಪೂರ್ತಿಯಾಗಿ ಓದಿ ಬರೆದದ್ದು: ಕೊಕ್ಕೆಗೆ ತೂಗುಹಾಕಿದ ಕಂಡಕ್ಟರಿನ ಚರ್ಮದ ಚೀಲ, ಅದರ ಬಾಯಿಂದ ಇಣುಕುವ ಒಂದು ಮೊಳ ಮಲ್ಲಿಗೆ.

ಪ್ರಕಾಶಕರ ಒಲವು ಮೊದಲನೆಯದರ ಕಡೆಗೆ. ಅಂಗಡಿಯಲ್ಲಿ ಕಣ್ಣು ಸೆಳೆಯುವುದು ಅದೇ ಎಂದು ಅವರ ವಾದ. ಆ ಚಿತ್ರವನ್ನು ಬಹಳ ಹೊತ್ತು ನೋಡಿದ ಹುಡುಗಿ, "ಸರ್, ಇವರೂ ನನ್ನ ಹುಡುಗಿಯನ್ನು ಒಪ್ಪಲಿಲ್ಲವಲ್ಲ" ಎಂದಳು. ಆ 'ಇವರೂ' ಎಂಬ ಮಾತು ನನ್ನನ್ನು ಚುಚ್ಚಿತು. ಎರಡು ಸಲ ತಿರಸ್ಕೃತಳಾದ ಆ ನಾಯಕಿಯನ್ನು ಮೂರನೆಯ ಸಲ ತಿರಸ್ಕರಿಸಿದ್ದು ಅವಳ ಪುಸ್ತಕದ ಮುಖಪುಟವೇ.

ಮುಖ ನೋಡಿ ಮಣೆ ಹಾಕುವುದು ಲೋಕದ ರೂಢಿ. ಹಣ ಹೂಡಿದ ಪ್ರಕಾಶಕನು ಪುಸ್ತಕದ ಮುಖವನ್ನು ಚೆಲುವಾಗಿಸಲು ಹೆಣಗಿದರೆ ಅದನ್ನು ಪಾಪವೆನ್ನಲಾಗದು. ಕಣ್ಣನ್ನು ಸೆಳೆಯಬೇಕೆಂಬುದರಲ್ಲಿ ವಿವಾದವಿಲ್ಲ. ಸೆಳೆದ ಕಣ್ಣಿಗೆ ಏನನ್ನು ಕೊಡುತ್ತೇವೆ ಎಂಬುದೇ ವಿಚಾರಾರ್ಹವಾದದ್ದು.

ಮುಖಪುಟದ ಮೇಲೆ ಇಷ್ಟು ಭಾರ ಬಿದ್ದದ್ದು ಈಚಿನ ದಿನಗಳಲ್ಲಿ. ೧೮೯೯ರಲ್ಲಿ ಗುಲ್ವಾಡಿ ವೆಂಕಟರಾಯರು ತಮ್ಮ ಸಾಮಾಜಿಕ ಕಾದಂಬರಿಗೆ 'ಇಂದಿರಾಬಾಯಿ ಅಥವಾ ಸದ್ಧರ್ಮವಿಜಯ' ಎಂದು ಹೆಸರಿಟ್ಟಾಗ, ನಾಯಕಿ ಯಾರು, ಕಥೆಯ ಆಶಯವೇನು ಎಂಬೆರಡನ್ನೂ ಆ ಹೆಸರೇ ಸಾರಿಬಿಟ್ಟಿತ್ತು. ಮುಂದೆ ತ್ರಿವೇಣಿಯವರ ಕಾದಂಬರಿಗಳನ್ನು ನಮ್ಮ ತಾಯಂದಿರು ಬಾಡಿಗೆಯ ಲೈಬ್ರರಿಗಳಿಂದ ತಂದು ಓದುತ್ತಿದ್ದ ಕಾಲದಲ್ಲಿ, ಕೈಯಿಂದ ಕೈಗೆ ಸವೆದ ಪುಸ್ತಕಕ್ಕೆ ಲೈಬ್ರರಿಯವನು ದಪ್ಪ ರಟ್ಟು ಕಟ್ಟಿಸಿದನೆಂದರೆ ಮುಖಪುಟ ಮಾಯವಾಗುತ್ತಿತ್ತು. ಉಳಿಯುತ್ತಿದ್ದದ್ದು ಬೆನ್ನಿನ ಮೇಲೆ ಬರೆದ ಹೆಸರು ಮಾತ್ರ. ಓದುಗರಿಗೆ ಅಷ್ಟೇ ಸಾಕಾಗಿತ್ತು. ಅದರ ಮೇಲೆ 'ಇದನ್ನು ಓದಿ ನೋಡಿ ಅಮ್ಮಾ' ಎನ್ನುವ ಲೈಬ್ರರಿಯವನ ಶಿಫಾರಸು ಬೇರೆ. ಇದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ೧೯೦೮ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಮಿಲ್ಸ್ ಅಂಡ್ ಬೂನ್ ಸಂಸ್ಥೆಯ ಪ್ರೇಮಕಥೆಗಳು ೧೯೩೦ರ ದಶಕದಲ್ಲಿ ಅಲ್ಲಿನ ಬಾಡಿಗೆಯ ಲೈಬ್ರರಿಗಳಲ್ಲಿಯೇ ಹೆಚ್ಚಾಗಿ ಓಡಾಡಿದುವು. ಕಂದು ಬಣ್ಣದ ರಟ್ಟಿನಿಂದಾಗಿ 'ಕಂದು ಪುಸ್ತಕಗಳು' ಎಂದೇ ಹೆಸರಾದುವು. ೧೯೩೫ರಲ್ಲಿ ಬಂದ ಪೆಂಗ್ವಿನ್ ಪುಸ್ತಕಗಳ ಮುಖದ ಮೇಲೆ ಕಥೆಯ ಚಿತ್ರವೇ ಇರಲಿಲ್ಲ. ಕಥೆ ಕಾದಂಬರಿಗೆ ಕಿತ್ತಳೆ, ಪತ್ತೇದಾರಿಗೆ ಹಸಿರು ಎಂಬ ಬಣ್ಣದ ಸಂಕೇತವನ್ನೇ ಓದುಗರು ಕಲಿತುಕೊಂಡರು.

ಪುಸ್ತಕಕ್ಕೂ ಓದುಗನಿಗೂ ನಡುವೆ ನಂಬಿಕಸ್ಥನೊಬ್ಬ ನಿಂತಿರುವಾಗ ಮುಖಪುಟ ಕೂಗಬೇಕಾಗಿಲ್ಲ. ಇಂದು ಬಾಡಿಗೆಯ ಲೈಬ್ರರಿಗಳು ಬಹುಮಟ್ಟಿಗೆ ಮುಚ್ಚಿವೆ. ಹೊಸ ಲೇಖಕಿಯ ಪುಸ್ತಕ ದೂರವಾಣಿಯ ಪರದೆಯ ಮೇಲೆ ಅಂಚೆಚೀಟಿಯಷ್ಟು ಆಕಾರದಲ್ಲಿ, ನೂರಾರು ಪುಸ್ತಕಗಳ ನಡುವೆ, ಒಂದು ಗಳಿಗೆ ಕಾಣಿಸಿ ಸರಿದುಹೋಗುತ್ತದೆ. ಲೈಬ್ರರಿಯವನು ಹೇಳುತ್ತಿದ್ದ ಮಾತನ್ನು ಈಗ ಮುಖಪುಟವೇ ಹೇಳಬೇಕು. ಅದು ಸುಳ್ಳು ಹೇಳಬಾರದು ಎನ್ನುವುದು ಆದ್ದರಿಂದಲೇ ಹಿಂದೆಂದಿಗಿಂತ ಹೆಚ್ಚು ಮುಖ್ಯವಾಗಿದೆ.

ಪ್ರೇಮಕಥೆಗೆ ಪ್ರೇಮಿಗಳ ಮುಖವೇ ಬೇಕೆಂಬ ನಿಯಮವನ್ನು ಯಾರು ಮಾಡಿದರು? ಅಮೆರಿಕದಲ್ಲಿ ೧೯೭೨ರಲ್ಲಿ ಕ್ಯಾಥ್ಲೀನ್ ವುಡಿವಿಸ್ ಅವರ 'ದಿ ಫ್ಲೇಮ್ ಅಂಡ್ ದಿ ಫ್ಲವರ್' ಅಪಾರವಾಗಿ ಮಾರಾಟವಾದ ಮೇಲೆ, ಮುಂದಿನ ಎರಡು ದಶಕಗಳಲ್ಲಿ ಗಾಢಾಲಿಂಗನದ ಚಿತ್ರ ಪ್ರೇಮಕಾದಂಬರಿಯ ಮುದ್ರೆಯೇ ಆಗಿಬಿಟ್ಟಿತು. ಓದುಗರು, ವಿಶೇಷವಾಗಿ ಹೆಂಗಸರು, ಆ ಪುಸ್ತಕವನ್ನು ನಾಲ್ವರ ಮುಂದೆ ಹಿಡಿಯಲು ನಾಚುತ್ತಾರೆಂದು ಪ್ರಕಾಶಕರಿಗೆ ಬೇಗನೆ ಅರಿವಾಯಿತು. ಹೊರಗೆ ಹೂವೋ ಹೆಸರೋ ಮಾತ್ರ, ಅದನ್ನು ಮಗುಚಿದರೆ ಒಳಗಿನ ಎರಡನೆಯ ಹೊದಿಕೆಯ ಮೇಲೆ ಆಲಿಂಗನ, ಎಂಬ ಉಪಾಯವೂ ಹುಟ್ಟಿತು. ನಮ್ಮ ಕಾಲೇಜಿನ ಹುಡುಗಿಯರು ಕಾದಂಬರಿಗೆ ಹಳೆಯ ಪತ್ರಿಕೆಯ ಹೊದಿಕೆ ಹಾಕಿಕೊಂಡು ಓದುವುದನ್ನು ನಾನೇ ಕಂಡಿದ್ದೇನೆ. ಓದುವವಳೇ ಮುಚ್ಚಿಡಬೇಕಾದ ಮುಖಪುಟ ಯಾರಿಗಾಗಿ?

ಆ ಬಳಿಕ ಹೆಸರು ಮಾಡಿದ ಮುಖಪುಟಗಳಲ್ಲಿ ಕೆಲವು ಮುಖವಿಲ್ಲದವು. ೨೦೦೫ರ 'ಟ್ವೈಲೈಟ್' ಕಾದಂಬರಿಯ ಮೇಲೆ ಎರಡು ಕೈಗಳು ಹಿಡಿದ ಒಂದು ಕೆಂಪು ಸೇಬು. ೨೦೧೧ರಲ್ಲಿ ಮೊದಲು ಪ್ರಕಟವಾದ 'ಫಿಫ್ಟಿ ಶೇಡ್ಸ್ ಆಫ್ ಗ್ರೇ' ಕೃತಿಯ ಮೇಲೆ ಒಂದು ಕಂಠಪಟ್ಟಿ. ಆ ಕೃತಿಗಳ ಸಾಹಿತ್ಯಗುಣ ಇಲ್ಲಿ ಪ್ರಸ್ತುತವಲ್ಲ. ಆಲಿಂಗನಗಳ ಸಾಲಿನಲ್ಲಿ ಸೇಬೊಂದು ಕಂಡಾಗ ಕಣ್ಣು ಅಲ್ಲಿ ನಿಂತಿತು. ಈಗ ಗೊಂಬೆಗಳ ಸರದಿ. ೨೦೨೧ರ 'ದಿ ಲವ್ ಹೈಪಾಥಿಸಿಸ್' ಮುಂತಾದವುಗಳ ಯಶಸ್ಸಿನ ಬೆನ್ನಲ್ಲೇ ಎಲ್ಲೆಲ್ಲಿಯೂ ನಗುವ ಗೊಂಬೆಗಳು. ವಯಸ್ಕರಿಗೆಂದು ಬರೆದ ಪುಸ್ತಕ ಮಕ್ಕಳ ಪುಸ್ತಕದಂತೆ ಕಾಣುವ ಅಪಾಯ ಬೇರೆ. ಕಣ್ಣು ಸೆಳೆಯುವುದು ಬರಿಯ ಚೆಲುವಲ್ಲ, ಭೇದ. ಎಲ್ಲರೂ ಅನುಕರಿಸಿದ ಚೆಲುವು ಕಣ್ಣಿಗೆ ಕಾಣುವುದನ್ನೇ ನಿಲ್ಲಿಸುತ್ತದೆ.

ಇದನ್ನು ನಮ್ಮ ಅಲಂಕಾರಶಾಸ್ತ್ರದ ಮಾತಿನಲ್ಲಿ ಹೇಳಬಹುದು. ಶೃಂಗಾರಕ್ಕೆ ನಾಯಕ ನಾಯಿಕೆಯರು ಆಲಂಬನ ವಿಭಾವ. ಬೆಳುದಿಂಗಳು, ಉಪವನ, ಮಳೆಗಾಳಿ ಮೊದಲಾದವು ಉದ್ದೀಪನ ವಿಭಾವ. ಆಲಂಬನವನ್ನು ಚಿತ್ರಿಸುವ ಮುಖಪುಟ ನಾಯಕಿ ಹೀಗೆಯೇ ಇದ್ದಾಳೆಂದು ಮೊದಲೇ ನಿಶ್ಚಯಿಸಿ, ಓದುಗನ ಕಲ್ಪನೆ ಮಾಡಬೇಕಾದ ಕೆಲಸವನ್ನು ಕಸಿದುಕೊಳ್ಳುತ್ತದೆ. ಉದ್ದೀಪನವನ್ನು ಚಿತ್ರಿಸುವ ಮುಖಪುಟ ಸೂಚಿಸಿ ಸುಮ್ಮನಾಗುತ್ತದೆ. ಕಥೆಯನ್ನು ಓದಿ ಮುಗಿಸಿ ಮತ್ತೆ ನೋಡಿದಾಗ ಅದರ ಅರ್ಥ ಬೆಳೆದಿರುತ್ತದೆ. ತ್ರಿವೇಣಿಯವರ 'ಬೆಳ್ಳಿಮೋಡ'ವನ್ನೇ ನೆನೆಯಿರಿ. ಆಸ್ತಿಯ ಆಸೆಯಿಂದ ಒಪ್ಪಿದ ವರ, ಆಸ್ತಿ ಕೈತಪ್ಪಿತೆಂದು ಹಿಂಜರಿಯುವ ಕಥೆಗೆ ನಗುವ ಜೋಡಿಯೊಂದನ್ನು ಹೊದಿಸಿದರೆ, ಆ ಕಥೆಗೆ ಮಾಡುವ ಅಪಚಾರ ಸಣ್ಣದೇ? ಮೋಡವಾದರೋ ಏನನ್ನೂ ಬಿಟ್ಟುಕೊಡದೆ ಎಲ್ಲವನ್ನೂ ಸೂಚಿಸುತ್ತದೆ.

ಹಾಗೆಂದು ಮುಖಗಳೇ ಕೂಡದೆನ್ನುವುದು ಹಟವಾದೀತು. ಕನ್ನಡದ ವಾರಪತ್ರಿಕೆಗಳ ಧಾರಾವಾಹಿಗಳಿಗೆ ಚಿತ್ರ ಬರೆದ ಪ.ಸ. ಕುಮಾರ್ ಅವರಂಥ ಕಲಾವಿದರ ಹೆಣ್ಣುಮುಖಗಳನ್ನು ಓದುಗರು ಇಂದಿಗೂ ಮರೆತಿಲ್ಲ. ಕಥೆಯನ್ನು ಓದಿ ಬರೆದ ಮುಖ ಬೇರೆ, ಯಾವ ಕಥೆಗೂ ಸಲ್ಲುವಂತೆ ಸಿದ್ಧವಾಗಿ ಬಿದ್ದಿರುವ ಮುಖ ಬೇರೆ.

ಈ ಸಿದ್ಧ ಮುಖಗಳ ಕಾರಖಾನೆ ಇದೀಗ ಬಾಗಿಲು ತೆರೆದಿದೆ. ೨೦೨೩ರಲ್ಲಿ ಅಮೆರಿಕದ ಜನಪ್ರಿಯ ಲೇಖಕಿ ಸಾರಾ ಜೆ. ಮಾಸ್ ಅವರ 'ಹೌಸ್ ಆಫ್ ಅರ್ಥ್ ಅಂಡ್ ಬ್ಲಡ್' ಕಾದಂಬರಿಯ ಬ್ರಿಟಿಷ್ ಮುದ್ರಣದ ಮುಖಪುಟದಲ್ಲಿದ್ದ ತೋಳದ ಚಿತ್ರ ಯಂತ್ರರಚಿತವೆಂದು ಓದುಗರೇ ಪತ್ತೆಹಚ್ಚಿದರು. ಚಿತ್ರಭಂಡಾರವೊಂದರಿಂದ ಕೊಂಡ ಅದರ ಮೂಲ ತಮಗೆ ತಿಳಿದಿರಲಿಲ್ಲವೆಂದು ಪ್ರಕಾಶಕರು ಹೇಳಬೇಕಾಯಿತು. ಅದೇ ವರ್ಷ ಅಮೆರಿಕದ ಹಕ್ಕುಸ್ವಾಮ್ಯ ಕಚೇರಿಯು 'ಜರ್ಯಾ ಆಫ್ ದಿ ಡಾನ್' ಎಂಬ ಚಿತ್ರಕಥೆಯ ವಿಷಯದಲ್ಲಿ, ಬರಹಕ್ಕೂ ಜೋಡಣೆಗೂ ರಕ್ಷಣೆಯುಂಟು, ಯಂತ್ರ ರಚಿಸಿದ ಚಿತ್ರಗಳಿಗಿಲ್ಲ ಎಂದು ತೀರ್ಮಾನಿಸಿತು. ಯಾರದ್ದೂ ಅಲ್ಲದ ಮುಖ ನಾಳೆ ಮತ್ತೊಬ್ಬರ ಪುಸ್ತಕದ ಮೇಲೆ ಕಾಣಿಸಿಕೊಂಡರೆ ತಡೆಯುವವರಾರು?

ಆದರೆ ಎಲ್ಲ ದೋಷವನ್ನೂ ಯಂತ್ರದ ಮೇಲೆ ಹೊರಿಸುವುದು ಆತ್ಮವಂಚನೆ. ೨೦೦೯ರಲ್ಲಿ, ಈ ಯಂತ್ರಗಳು ಬರುವುದಕ್ಕೆ ಬಹಳ ಹಿಂದೆ, ಆಸ್ಟ್ರೇಲಿಯದ ಜಸ್ಟಿನ್ ಲಾರ್ಬಲೆಸ್ಟಿಯರ್ ಅವರ 'ಲಯರ್' ಕಾದಂಬರಿಯ ಅಮೆರಿಕನ್ ಮುದ್ರಣಕ್ಕೆ ಬಿಳಿಯ ಹುಡುಗಿಯ ಛಾಯಾಚಿತ್ರವನ್ನು ಹಾಕಲು ಹೊರಟಿದ್ದರು. ಕಥೆಯ ನಾಯಕಿ ಕಪ್ಪು ವರ್ಣದವಳು. ಲೇಖಕಿಯೂ ಓದುಗರೂ ಪ್ರತಿಭಟಿಸಿದ ಮೇಲೆ ಮುಖಪುಟ ಬದಲಾಯಿತು. ಯಂತ್ರ ತಾನಾಗಿ ಬೆಳ್ಳಗಿನ ಹುಡುಗಿಯನ್ನು ಇಷ್ಟಪಡಲಿಲ್ಲ. ನಮ್ಮ ವರಾನ್ವೇಷಣೆಯ ಜಾಹೀರಾತುಗಳನ್ನೂ ಸಿನಿಮಾದ ಗೋಡೆಚಿತ್ರಗಳನ್ನೂ ಸೋಪು ಕ್ರೀಮುಗಳ ಬಿತ್ತರವನ್ನೂ ನೋಡಿ ಬೆಳೆದ ಮಗು ಏನನ್ನು ಕಲಿಯುವುದೋ ಅಂಥದನ್ನೇ ಅದೂ ಕಲಿತಿದೆ.

ಇಷ್ಟು ಹೇಳಿದ ಮೇಲೆ ಪ್ರಕಾಶಕರ ಪಕ್ಷವನ್ನೂ ಹೇಳಬೇಕು. "ಮುಖವೇ ಇಲ್ಲದ ಮುಖಪುಟವನ್ನು ಕೊಳ್ಳುವವರಾರು ಸ್ವಾಮಿ? ಪ್ರತಿಗಳು ಉಳಿದರೆ ಅಲಂಕಾರಶಾಸ್ತ್ರ ಬಂದು ಕೊಳ್ಳುತ್ತದೆಯೇ?" ಎಂದು ಅವರು ದೂರವಾಣಿಯಲ್ಲಿ ಕೇಳಿದರು. ನ್ಯಾಯವಾದ ಪ್ರಶ್ನೆ. ಮೇಷ್ಟರ ಚಿತ್ರವನ್ನು ಅಂಚೆಚೀಟಿಯಷ್ಟು ಕುಗ್ಗಿಸಿ ನೋಡಿದಾಗ ನನಗೂ ಅಳುಕಾಯಿತು: ಚೀಲ ಹಲಸಿನಕಾಯಿಯಂತೆ, ಮಲ್ಲಿಗೆ ಸುಣ್ಣದ ಗೆರೆಯಂತೆ ಕಾಣುತ್ತಿತ್ತು; ಹೆಸರಿನ ಅಕ್ಷರಗಳು ಓದಲು ಬರುತ್ತಿರಲಿಲ್ಲ. ಸತ್ಯವನ್ನು ಹೇಳಿದ ಮಾತ್ರಕ್ಕೆ ಚಿತ್ರದ ಹೊಣೆ ಮುಗಿಯುವುದಿಲ್ಲ, ಅದು ಕಾಣಬೇಕು.

ಆದ್ದರಿಂದ ಹುಡುಗಿಗೆ ನಾನು ಹೇಳಿದ್ದಿಷ್ಟು. ಹಸ್ತಪ್ರತಿಯನ್ನು ಓದಿದ ಕಲಾವಿದನನ್ನು ಬಿಡಬೇಡ. ಚಿತ್ರವನ್ನು ಮಾತ್ರ ಬದಲಿಸಲು ಹೇಳು. ಮುಖಪುಟದಲ್ಲಿ ಒಂದೇ ವಸ್ತುವಿರಲಿ, ಅದು ನಿನ್ನ ಕಥೆಗಲ್ಲದೆ ಬೇರೆ ಕಥೆಗೆ ಸಲ್ಲದಂತಿರಲಿ. ಕನ್ನಡದ ಲಿಪಿ ದುಂಡಗಿನ ಚೆಲುವೆ. ಹೆಸರನ್ನು ಅಚ್ಚುಮೊಳೆಗೆ ಬಿಡದೆ ಕೈಯಲ್ಲಿ ದೊಡ್ಡದಾಗಿ ಬರೆಸು, ಅರ್ಧ ಚಿತ್ರ ಅದೇ ಆಗುತ್ತದೆ. ಎರಡು ಬಣ್ಣಕ್ಕೆ ಮೀರಬೇಡ. ಅಂಗಡಿಯ ಕಪಾಟಿನಲ್ಲಿ ಮೊದಲು ಕಾಣುವುದು ಬೆನ್ನು, ಅದನ್ನು ಮರೆಯಬೇಡ. ಕಲಾವಿದನ ಹೆಸರನ್ನು ಒಳಪುಟದಲ್ಲಿ ಅಚ್ಚು ಹಾಕಿಸು, ಸಂಭಾವನೆಯನ್ನು ಮೊದಲೇ ಕೊಡಿಸು. ಕನ್ನಡ ಪುಸ್ತಕ ಪ್ರಾಧಿಕಾರ ಪುಸ್ತಕ ಸೊಗಸಿಗೆ ಕೊಡುವ ಬಹುಮಾನಗಳಲ್ಲಿ ಮುಖಪುಟಕ್ಕೂ ಒಂದು ಸ್ಥಾನವಿದೆ. ಆ ಗೌರವವನ್ನು ಪ್ರಕಾಶಕರೂ ಲೇಖಕರೂ ದಿನನಿತ್ಯದ ವ್ಯವಹಾರದಲ್ಲಿ ಪಾಲಿಸಿದರೆ, ಯಂತ್ರದ ಪುಕ್ಕಟೆ ಚಿತ್ರದ ಮೋಹ ತಾನಾಗಿ ಕಡಮೆಯಾದೀತು.

ಮೇಷ್ಟರು ಚಿತ್ರವನ್ನು ಮತ್ತೆ ಬರೆದರು. ಈಗ ಅರಿಸಿನ ಬಣ್ಣದ ಹಿನ್ನೆಲೆ. ಚೀಲದ ಬಾಯಿಯ ಮೇಲೆ ಒಂದು ಕಪ್ಪು ಕೈ, ಮಣಿಕಟ್ಟಿನಲ್ಲಿ ಕೆಂಪು ಗಾಜಿನ ಬಳೆ, ಬೆರಳುಗಳ ನಡುವೆ ಮಲ್ಲಿಗೆ. ಕುಗ್ಗಿಸಿ ನೋಡಿದರೂ ಆ ಕೈ ಕಾಣುತ್ತದೆ. ಪ್ರಕಾಶಕರು ಅರೆಮನಸ್ಸಿನಿಂದ ಒಪ್ಪಿದ್ದಾರೆ. ಪುಸ್ತಕ ಮಾರಾಟವಾಗುವುದೋ ಇಲ್ಲವೋ ನಾನು ಹೇಳಲಾರೆ. ಅವರ ಸಂದೇಹವೇ ನಿಜವಾದರೆ ನನ್ನ ಸಲಹೆಗೂ ಅದರಲ್ಲಿ ಪಾಲುಂಟು.

ಮೊನ್ನೆ ಮುಖಪುಟ ಅಚ್ಚಾಗುವ ದಿನ ಹುಡುಗಿ ರಜೆ ಹಾಕಿ ಮುದ್ರಣಾಲಯಕ್ಕೆ ಹೋಗಿದ್ದಳಂತೆ. ಪರೀಕ್ಷೆಗೆಂದು ತೆಗೆದ ಮೊದಲ ಹಾಳೆಯಲ್ಲಿ ಕೈಯ ಬಣ್ಣ ತುಸು ತಿಳಿಯಾಗಿ ಬಂದಿತ್ತು. ಹೀಗೇ ಚೆನ್ನಾಗಿದೆಯಲ್ಲಮ್ಮ ಎಂದ ಮುದ್ರಕನಿಗೆ ಅವಳು, "ಇಲ್ಲ ಅಣ್ಣಾ, ಇನ್ನೂ ಸ್ವಲ್ಪ ಕಪ್ಪು ಬೇಕು" ಎಂದು, ಆ ಕಪ್ಪು ಬರುವವರೆಗೂ ಯಂತ್ರದ ಪಕ್ಕದಲ್ಲಿಯೇ ನಿಂತಿದ್ದಳಂತೆ.